ಗುಂಡಿಯಲ್ಲಿದ್ದವನಿಗೆ ತಿಳಿಯದ ಮಾತು

ಪ್ರಿಯ ಮಿತ್ರರಿಗೆ,

ವಂದನೆಗಳು. ಬೈಬಲಿನ ಯೋಸೇಫನ ಕಥೆಯನ್ನು ಆಧರಿಸಿ ನೀವು ಬರೆಯುತ್ತಿರುವ ಕಾದಂಬರಿಯ ಮೊದಲ ಅಧ್ಯಾಯಗಳನ್ನು ಎರಡು ಸಲ ಓದಿದೆ. ಅಣ್ಣಂದಿರು ಕುರಿ ಮೇಯಿಸುತ್ತಿದ್ದ ದೋತಾನಿನ ಬಯಲು, ಮಂದೆಗಳು ಎಬ್ಬಿಸುವ ಧೂಳು ಕಣ್ಣಿಗೆ ಕಟ್ಟುತ್ತವೆ. ಭಾಷೆ ನಿಮಗೆ ಒಲಿದಿದೆ. ಆದರೆ ಅಣ್ಣಂದಿರು ಗುಂಡಿಗೆ ತಳ್ಳಿದ ಕೂಡಲೇ, ಇದೆಲ್ಲ ದೇವರ ಸಂಕಲ್ಪವೆಂದೂ ತಾನು ಮುಂದೆ ಐಗುಪ್ತವನ್ನು (ಈಜಿಪ್ಟನ್ನು) ಆಳುವೆನೆಂದೂ ಯೋಸೇಫನು ನೆಮ್ಮದಿಯಿಂದ ಯೋಚಿಸುವ ಪುಟ ನನ್ನನ್ನು ತಡೆದು ನಿಲ್ಲಿಸಿತು. ಈ ಪತ್ರ ಬರೆಯುತ್ತಿರುವುದು ಆ ಒಂದು ಪುಟಕ್ಕಾಗಿ.

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 37ನೆಯ ಅಧ್ಯಾಯವನ್ನು ಮತ್ತೊಮ್ಮೆ ನಿಧಾನವಾಗಿ ಓದಿ. 17 ವರ್ಷದ ಹುಡುಗನ ನಿಲುವಂಗಿಯನ್ನು ಕಿತ್ತುಕೊಂಡು, ನೀರಿಲ್ಲದ ಗುಂಡಿಗೆ ಅವನನ್ನು ಹಾಕಿ, ಅಣ್ಣಂದಿರು ಊಟಕ್ಕೆ ಕುಳಿತರು ಎಂದಷ್ಟೇ ಅಲ್ಲಿದೆ. ಗುಂಡಿಯೊಳಗಿಂದ ಒಂದು ಸೊಲ್ಲೂ ಕೇಳುವುದಿಲ್ಲ. ಗಿಲ್ಯಾದಿನ ಕಡೆಯಿಂದ ಒಂಟೆಗಳ ಮೇಲೆ ಸುಗಂಧದ್ರವ್ಯ ಹೇರಿಕೊಂಡು ಬಂದ ವರ್ತಕರ ಕೈಗೆ 20 ಬೆಳ್ಳಿಯ ತುಂಡುಗಳಿಗೆ ಅವನು ಮಾರಾಟವಾಗುವಾಗಲೂ ಅವನ ಮಾತಿಲ್ಲ. ದೇವರ ಹೆಸರಂತೂ ಆ ಅಧ್ಯಾಯದಲ್ಲಿ ಒಮ್ಮೆಯೂ ಬರುವುದಿಲ್ಲ. ಹುಡುಗ ಅಂಗಲಾಚಿದ್ದ ಎಂಬುದು ನಮಗೆ ತಿಳಿಯುವುದು 42ನೆಯ ಅಧ್ಯಾಯದಲ್ಲಿ: ಬರಗಾಲದಲ್ಲಿ ಧಾನ್ಯ ಕೊಳ್ಳಲು ಐಗುಪ್ತಕ್ಕೆ ಬಂದ ಅಣ್ಣಂದಿರು, ಎದುರಿಗಿರುವ ಅಧಿಕಾರಿಗೆ ತಮ್ಮ ಭಾಷೆ ತಿಳಿಯದೆಂದು ನಂಬಿ, ಅಂದು ತಮ್ಮನು ಬೇಡಿಕೊಂಡಾಗ ಅವನ ಪ್ರಾಣಸಂಕಟವನ್ನು ಕಂಡೂ ಕಿವಿಗೊಡಲಿಲ್ಲವಲ್ಲ ಎಂದು ತಮ್ಮತಮ್ಮಲ್ಲೇ ಹಲುಬುತ್ತಾರೆ. ದುಭಾಷಿಯನ್ನು ನಡುವೆ ನಿಲ್ಲಿಸಿಕೊಂಡಿದ್ದ ಆ ಅಧಿಕಾರಿ ಪಕ್ಕಕ್ಕೆ ಸರಿದು ಅಳುತ್ತಾನೆ, ಅವನೇ ಯೋಸೇಫ. 20 ವರ್ಷಗಳಿಗೂ ಹೆಚ್ಚು ಕಾಲ ಅಣ್ಣಂದಿರ ಕಿವಿಯಲ್ಲಿ ಉಳಿದಿದ್ದ ಆ ಕೂಗನ್ನು ಮೂಲದ ಕಥೆಗಾರ ಅಲ್ಲಿಯವರೆಗೂ ಕಾಪಿಟ್ಟಿದ್ದಾನೆ. ನೀವು ಅದನ್ನು ಗುಂಡಿಯಲ್ಲೇ ಸಮಾಧಾನಪಡಿಸಿಬಿಟ್ಟರೆ, ಮುಂದೆ ಅವನು ಅಳುವುದಕ್ಕೆ ಕಾರಣವೇ ಉಳಿಯುವುದಿಲ್ಲ.

ದೈವಸಂಕಲ್ಪದ ಮಾತನ್ನು ಯಾರು, ಯಾವಾಗ ಆಡುತ್ತಾರೆ ಎಂಬುದನ್ನೂ ಗಮನಿಸಿ. ಯೋಸೇಫನನ್ನು ಕೊಂಡ ಐಗುಪ್ತದ ಅಧಿಕಾರಿ ಪೋಟೀಫರನ ಮನೆಯಲ್ಲಿಯೂ ಆಮೇಲೆ ಸೆರೆಮನೆಯಲ್ಲಿಯೂ ದೇವರಾದ ಯೆಹೋವನು ಅವನ ಸಂಗಡ ಇದ್ದನೆಂದು ಕಥೆಗಾರ ನಮಗೆ ತಿಳಿಸುತ್ತಾನೆ, ನಿಜ. ಆದರೆ ಮುತ್ತಾತ ಅಬ್ರಹಾಮನ ಜೊತೆ, ತಂದೆ ಯಾಕೋಬನ ಜೊತೆ ಮಾತನಾಡಿದ ದೇವರು ಯೋಸೇಫನೊಡನೆ ನೇರವಾಗಿ ಮಾತನಾಡಿದ ಒಂದು ಪ್ರಸಂಗವೂ ಈ ಕಥೆಯಲ್ಲಿಲ್ಲ. ಸೆರೆಯಲ್ಲಿ ಐಗುಪ್ತದ ಅರಸ ಫರೋಹನ ಪಾನಸೇವಕನ ಮುಂದೆ ಅವನು ತೋಡಿಕೊಳ್ಳುವಾಗ, ತನ್ನನ್ನು ತನ್ನ ಜನರಾದ ಇಬ್ರಿಯರ ದೇಶದಿಂದ ಕದ್ದು ತಂದರು ಎನ್ನುತ್ತಾನೆ. ದೇವರು ಕಳುಹಿಸಿದನು ಎಂಬ ಮಾತು ಅವನ ಬಾಯಲ್ಲಿ ಹುಟ್ಟುವುದು 45ನೆಯ ಅಧ್ಯಾಯದಲ್ಲಿ, ಕಿರಿಯ ತಮ್ಮ ಬೆನ್ಯಾಮೀನನ ಬದಲಿಗೆ ತಾನೇ ಗುಲಾಮನಾಗಿ ಉಳಿಯುತ್ತೇನೆಂದು ಅಣ್ಣಂದಿರಲ್ಲಿ ಒಬ್ಬನಾದ ಯೆಹೂದನು ಮುಂದೆ ಬಂದ ಮೇಲೆ. ಯೋಸೇಫನನ್ನು ಮಾರಿಬಿಡೋಣ ಎಂದು ಅಂದು ಸೂಚಿಸಿದವನು ಇದೇ ಯೆಹೂದ! ದೇವರು ಕಳುಹಿಸಿದನೆಂಬ ಮಾತನ್ನು ಅಣ್ಣಂದಿರೇ ಆಡಿದ್ದರೆ ಅದು ಪಾಪದಿಂದ ನುಣುಚಿಕೊಳ್ಳುವ ದಾರಿಯಾಗುತ್ತಿತ್ತು. ಯೋಸೇಫನಿಗಿಂತ ಮುಂಚೆ ಅವಸರಪಟ್ಟು ಲೇಖಕರು ಆಡಿದರೂ ಹಾಗೆಯೇ ಆಗುತ್ತದೆಂದು ನನ್ನ ದೃಢವಾದ ನಂಬಿಕೆ.

ಕೇಡನ್ನು ದೇವರು ಒಳಿತಾಗಿ ಬದಲಿಸಿದನು ಎಂದು ನಿಮ್ಮ ಟಿಪ್ಪಣಿಯಲ್ಲಿದೆ. ಆದಿಕಾಂಡದ ಕೊನೆಯ ಅಧ್ಯಾಯದಲ್ಲಿ ಯೋಸೇಫನು ಅಣ್ಣಂದಿರಿಗೆ ಹೇಳುವ ಆ ಪ್ರಸಿದ್ಧ ವಾಕ್ಯ ಅದಕ್ಕಿಂತ ಕಠಿಣವಾದದ್ದು. ಅಣ್ಣಂದಿರು ಮಾಡಿದ್ದಕ್ಕೂ ದೇವರು ಮಾಡಿದ್ದಕ್ಕೂ ಹೀಬ್ರೂ ಮೂಲದಲ್ಲಿ ಇರುವುದು 'ಹಾಶವ್' ಎಂಬ ಒಂದೇ ಕ್ರಿಯಾಪದ. ಮನಸ್ಸಿನಲ್ಲಿ ಯೋಜಿಸುವುದೂ ಲೆಕ್ಕ ಹಾಕುವುದೂ ಅದರ ಅರ್ಥದೊಳಗಿವೆ. ಪುಣ್ಯಕ್ಕೆ ನಮ್ಮಲ್ಲಿ 'ಎಣಿಸು' ಇದೆ. ನೀವು ಕೇಡೆಣಿಸಿದಿರಿ, ದೇವರು ಒಳಿತೆಣಿಸಿದನು ಎಂದು ಬರೆದು ನೋಡಿ: ಒಂದೇ ಘಟನೆಯಲ್ಲಿ ಎರಡು ಎಣಿಕೆಗಳು ಅಕ್ಕಪಕ್ಕ ನಿಲ್ಲುತ್ತವೆ, ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಬರಗಾಲದಲ್ಲಿ ಬಹಳ ಜನ ಬದುಕಿಕೊಂಡದ್ದರಿಂದ ಆ 20 ಬೆಳ್ಳಿಯ ತುಂಡುಗಳು ಶುದ್ಧವಾಗಲಿಲ್ಲ. ಇದನ್ನು ಬಿಟ್ಟುಕೊಟ್ಟರೆ, ಮೋಸ ಹೋದ ಪ್ರತಿಯೊಬ್ಬ ಓದುಗನಿಗೂ ನೀವು ಅನ್ಯಾಯ ಮಾಡಿದಂತೆ.

ಆ ವಾಕ್ಯ ಬರುವ ಸಂದರ್ಭವನ್ನೂ ಮರೆಯಬೇಡಿ. ಯಾಕೋಬನು ಐಗುಪ್ತದಲ್ಲಿ 17 ವರ್ಷ ಬದುಕಿ ತೀರಿಕೊಂಡಿದ್ದಾನೆ. ಅಷ್ಟು ವರ್ಷ ತಮ್ಮನ ಅನ್ನ ಉಂಡ ಅಣ್ಣಂದಿರಿಗೆ, ತಂದೆ ಹೋದ ಮೇಲೆ ಅವನು ಸೇಡು ತೀರಿಸಿಕೊಂಡಾನು ಎಂಬ ಭಯ. ಎದುರಿಗೆ ಬರುವ ಧೈರ್ಯವಿಲ್ಲದೆ, ಕ್ಷಮಿಸಬೇಕೆಂದು ತಂದೆಯೇ ಅಪ್ಪಣೆ ಕೊಟ್ಟಿದ್ದನೆಂದು ಮೊದಲು ಹೇಳಿಕಳುಹಿಸುತ್ತಾರೆ. ಅಂಥ ಅಪ್ಪಣೆಯನ್ನು ಯಾಕೋಬನು ಕೊಟ್ಟದ್ದು ಕಥೆಯಲ್ಲಿ ಬೇರೆಲ್ಲೂ ಕಾಣುವುದಿಲ್ಲ. ಆ ಸುದ್ದಿ ಕೇಳಿ ಯೋಸೇಫನು ಅಳುತ್ತಾನೆ, ಏಕೆಂದು ಕಥೆಗಾರ ಹೇಳುವುದಿಲ್ಲ. ನೀವು ಗುಂಡಿಯ ಪುಟವನ್ನು ಸದ್ಯಕ್ಕೆ ಬದಿಗಿಟ್ಟು, ಈ ಅಳುವಿನ ಪುಟವನ್ನು ಮೊದಲು ಬರೆದು ನನಗೆ ಕಳುಹಿಸಿ.

ಇಂತಿ,
ನಿಮ್ಮ ಹಿತೈಷಿ