ಇಪ್ಪತ್ತೊಂದನೇ ಭೇಟಿ ಯಾಕೆ ಮುಂದಕ್ಕೆ ಹೋಯಿತು: ನಮ್ಮ ಗ್ರಾಹಕರಿಗೆ ಪತ್ರ

ಪ್ರೀತಿಯ ಅಪ್ಪ ಅಮ್ಮಂದಿರಿಗೆ, ಊರಿಂದ ಬರಲು ಸೂಟ್‌ಕೇಸ್ ಕಟ್ಟುತ್ತಿರುವ ಅಜ್ಜಿಯರಿಗೆ,

ನಮಸ್ಕಾರ.

ಮೊದಲು ವಿಷಯ ಹೇಳಿಬಿಡುತ್ತೇವೆ. ಇಷ್ಟು ದಿನ ಇಲ್ಲಿ ಇಂಗ್ಲೆಂಡಿನಲ್ಲಿ ನಮ್ಮ ಬಾಣಂತನದ ಸೇವೆ ಎಂದರೆ ತಾಯಿ ಮಗು ಮನೆಗೆ ಬಂದ ಮೇಲೆ ಒಂದೇ ಸಮ 21 ದಿನದ ಭೇಟಿ. ಬರುವ ತಿಂಗಳಿಂದ 20 ದಿನ ಹಾಗೆ ಬರುತ್ತೇವೆ. ಉಳಿದ ಒಂದು ಭೇಟಿಯನ್ನು ಮಗುವಿಗೆ ಆರನೇ ವಾರ ನಡೆಯುವಾಗ ಇಟ್ಟುಕೊಂಡಿದ್ದೇವೆ. ದುಡ್ಡು ಮುಂಚಿನಷ್ಟೇ. ಇನ್ನೊಂದು ಮಾತು: ನಾವು ಕೊಡುತ್ತಿದ್ದ ಹಸಿರು ರಟ್ಟಿನ ಪುಸ್ತಕದಲ್ಲಿ ಲಸಿಕೆಯ ಪುಟ ಇದೆಯಲ್ಲ, ಅದನ್ನು ಹರಿದು ಹಾಕಿ. ಹೊಸ ಪುಟ ಈ ಪತ್ರದ ಜೊತೆಗಿದೆ.

ಇದಕ್ಕೆಲ್ಲ ಕಾರಣ ಬಿಸಿಜಿ. ಟಿಬಿ ತಡೆಯಲು ಹಾಕುವ ಲಸಿಕೆ.

ತಪ್ಪು ನಮ್ಮದೇ. ಆ ಪುಟವನ್ನು ನಾವು ಊರಿನ ತಾಯಿ ಕಾರ್ಡ್ ನೋಡಿಕೊಂಡು ಬರೆದಿದ್ದೆವು. ಊರಲ್ಲಿ ಸಾಮಾನ್ಯವಾಗಿ ಮಗು ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ಬಿಸಿಜಿ ಆಗಿರುತ್ತದೆ. ಹಾಗಾಗಿ ನಮ್ಮ ಪುಟದ ಮೊದಲ ಸಾಲೇ ‘ಬಿಸಿಜಿ, ಆಸ್ಪತ್ರೆಯಲ್ಲಿ’ ಎಂದಿತ್ತು. ಒಂದು ಮನೆಯಲ್ಲಿ ನಮ್ಮವರೊಬ್ಬರು ಯಾರನ್ನೂ ಕೇಳದೆ ಸುಮ್ನೆ ಅದಕ್ಕೆ ಟಿಕ್ ಹಾಕಿ ಬಂದರು. ಮಗುವಿಗೆ ಏಳು ತಿಂಗಳಾಯಿತು, ಮೈಸೂರಿಗೆ ಟಿಕೆಟ್ ಆಯಿತು. ಆಗ ಆ ತಾಯಿ ರೆಡ್ ಬುಕ್ (ಇಲ್ಲಿ ಮಗುವಿನ ಆರೋಗ್ಯದ ವಿವರ ಬರೆದಿಡುವ ಪುಸ್ತಕ) ತೆರೆದು ನೋಡಿದರೆ ಬಿಸಿಜಿ ಹಾಕೇ ಇಲ್ಲ. ಮಗುವಿನ ತೋಳಲ್ಲಿ ಕಲೆಯೂ ಇಲ್ಲ. ಹೊರಡುವ ಮುಂಚೆ ಹೇಗೋ ಲಸಿಕೆ ಸಿಕ್ಕಿತು. ಆದರೆ ಅಲ್ಲಿವರೆಗೆ ಆ ಮನೆಯವರು ಮಾಡಿದ ಫೋನುಗಳಿಗೆ, ಕೆಟ್ಟ ನಿದ್ದೆಗೆ ನಮ್ಮ ಆ ಒಂದು ಟಿಕ್ ಕಾರಣ. ಅವರಲ್ಲಿ ಕ್ಷಮೆ ಕೇಳಿದ್ದೇವೆ.

ಇದಾದ ಮೇಲೆ ನಾವು ಬೇರೆ ಮನೆಗಳಲ್ಲೂ ಕೇಳುತ್ತಾ ಹೋದೆವು. ಗೊಂದಲ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇತ್ತು. ‘ಇಲ್ಲಿ ಬಿಸಿಜಿ ನಿಲ್ಲಿಸಿಬಿಟ್ಟಿದ್ದಾರಂತೆ, ದುಡ್ಡು ಉಳಿಸೋಕೆ’ ಎಂದರು ಒಬ್ಬರು. ‘ಪಕ್ಕದ ಮನೆ ಮಗುವಿಗೆ ಹಾಕಿಲ್ಲ, ನಮ್ಮದಕ್ಕೆ ಮಾತ್ರ ಯಾಕೆ?’ ಎಂದು ಇನ್ನೊಬ್ಬರು. ಎರಡೂ ನ್ಯಾಯವಾದ ಮಾತೇ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಈ ದೇಶದಲ್ಲಿ ಬಿಸಿಜಿ ಒಂದು ಕಾಲಕ್ಕೆ ಎಲ್ಲರಿಗೂ ಇತ್ತು, ಆದರೆ ಕೂಸುಗಳಿಗೆ ಹಾಕುತ್ತಿರಲಿಲ್ಲ. 1953ರಲ್ಲಿ ಶುರುವಾಗಿ, ಹದಿಮೂರರ ಆಸುಪಾಸಿನ ಮಕ್ಕಳಿಗೆ ಶಾಲೆಯಲ್ಲೇ ಸಾಲಾಗಿ ನಿಲ್ಲಿಸಿ ಹಾಕುತ್ತಿದ್ದರು. ನಿಮ್ಮ ಆಫೀಸಿನಲ್ಲಿ ಐವತ್ತರ ಹತ್ತಿರದ ಇಂಗ್ಲಿಷಿನವರು ಯಾರಾದರೂ ಇದ್ದರೆ ಕೇಳಿ ನೋಡಿ. ಮೊದಲು ಆರು ಸೂಜಿ ಒಟ್ಟಿಗೆ ಚುಚ್ಚುವ ಪರೀಕ್ಷೆ, ಆಮೇಲೆ ಲಸಿಕೆ, ಆಮೇಲೆ ಗೆಳೆಯರು ಬೇಕಂತಲೇ ಆ ತೋಳಿಗೆ ಗುದ್ದಿದ್ದು, ಎಲ್ಲ ಹೇಳುತ್ತಾರೆ. 2005ರಲ್ಲಿ ಅದನ್ನು ನಿಲ್ಲಿಸಿದರು. 1950ರ ದಶಕದ ಶುರುವಿನಲ್ಲಿ ಇಲ್ಲಿ ವರ್ಷಕ್ಕೆ ಸುಮಾರು 50,000 ಜನರಿಗೆ ಟಿಬಿ ಬರುತ್ತಿತ್ತು. ಈಗ ಇಂಗ್ಲೆಂಡಿನಲ್ಲಿ ಅದು ಐದು ಸಾವಿರದ ಆಸುಪಾಸಿನಲ್ಲಿದೆ. ಅದೂ ಕೆಲವು ಊರುಗಳಲ್ಲಿ, ಟಿಬಿ ಜಾಸ್ತಿ ಇರುವ ದೇಶಗಳ ಜೊತೆ ಹೋಗಿ ಬರುವ ನಂಟಿರುವ ಮನೆಗಳಲ್ಲಿ ಹೆಚ್ಚು.

ಲಸಿಕೆಯ ಶಕ್ತಿ ಎಷ್ಟು ಎಂಬುದೂ ಒಂದು ಕಾರಣ. ನಮ್ಮ ಪಕ್ಕದ ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ದೊಡ್ಡ ಪ್ರಯೋಗವೊಂದು ಶುರುವಾಯಿತು. ಎರಡೂವರೆ ಲಕ್ಷಕ್ಕೂ ಜಾಸ್ತಿ ಜನ ಅದರಲ್ಲಿದ್ದರು. ದೊಡ್ಡವರ ಶ್ವಾಸಕೋಶದ ಟಿಬಿಯನ್ನು ಬಿಸಿಜಿ ಅಲ್ಲಿ ತಡೆಯಲೇ ಇಲ್ಲ. ಆದರೆ ಕೂಸುಗಳ ವಿಷಯ ಬೇರೆ. ಟಿಬಿ ಮೆದುಳಿನ ಪೊರೆಗೆ ಏರುವುದು, ಮೈಯೆಲ್ಲ ಹರಡುವುದು, ಇಂಥ ಭಯಂಕರ ರೂಪಗಳಿಂದ ಮಕ್ಕಳನ್ನು ಇದು ಚೆನ್ನಾಗಿ ಕಾಪಾಡುತ್ತದೆ. ಹಾಗಾಗಿ ಹದಿಮೂರರ ಎಲ್ಲ ಮಕ್ಕಳಿಗೂ ಹಾಕುವ ಬದಲು, ಅಪಾಯ ಹೆಚ್ಚಿರುವ ಮನೆಯ ಕೂಸಿಗೆ ಬೇಗ ಹಾಕೋಣ ಎಂದು ಇಲ್ಲಿನವರು ತೀರ್ಮಾನಿಸಿದರು. ನಮಗೆ ಇದು ಸರಿ ಅನಿಸುತ್ತದೆ. ಬರೀ ದುಡ್ಡು ಉಳಿಸುವ ಲೆಕ್ಕ ಅಂತ ಅನಿಸುವುದಿಲ್ಲ.

ಹಾಗಾದರೆ ಯಾವ ಮನೆಯ ಕೂಸಿಗೆ? ಲಕ್ಷ ಜನರಲ್ಲಿ ವರ್ಷಕ್ಕೆ 40 ಅಥವಾ ಅದಕ್ಕೂ ಜಾಸ್ತಿ ಜನರಿಗೆ ಟಿಬಿ ಬರುವ ದೇಶದಲ್ಲಿ ಮಗುವಿನ ಅಪ್ಪ, ಅಮ್ಮ, ಅಜ್ಜಿ, ತಾತ ಯಾರಾದರೂ ಒಬ್ಬರು ಹುಟ್ಟಿರಬೇಕು. ಭಾರತದಲ್ಲಿ ಅದು ಲಕ್ಷಕ್ಕೆ ಸುಮಾರು 200. ಅಂದರೆ ನಮ್ಮ ಗ್ರಾಹಕರ ಮನೆಯ ಹೆಚ್ಚುಕಡಿಮೆ ಎಲ್ಲ ಕೂಸುಗಳಿಗೂ ಬಿಸಿಜಿ ಸಿಗುತ್ತದೆ. ಪುಕ್ಕಟೆಯಾಗಿ. ಇಲ್ಲೇ ಹುಟ್ಟಿ ಬೆಳೆದ ಅಪ್ಪ ಅಮ್ಮಂದಿರು ಎಡವುವುದು ಇಲ್ಲೇ. ಮಿಡ್‌ವೈಫ್ ಕೇಳಿದಾಗ ‘ನಾವಿಬ್ಬರೂ ಇಲ್ಲಿಯವರೇ’ ಎಂದುಬಿಡುತ್ತಾರೆ. ಅಪ್ಪ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿರಬಹುದು, ಆದರೆ ತಾತ ದಾವಣಗೆರೆಯವರಲ್ವಾ? ಅದನ್ನು ಹೇಳಿ.

ಪಕ್ಕದ ಮನೆಯವರಿಗೆ ಇಲ್ಲದ್ದು ನಮಗೆ ಮಾತ್ರ ಎಂದು ಮನಸ್ಸಿಗೆ ಚುಚ್ಚುತ್ತದೆ ಎಂದು ಒಬ್ಬ ತಾಯಿ ಹೇಳಿದರು. ಅವರ ಬೇಸರ ನಮಗೂ ಗೊತ್ತು. ಆದರೆ ನಮ್ಮ ಮಕ್ಕಳು ಪ್ರತಿ ಎರಡು ವರ್ಷಕ್ಕೆ ಊರಿಗೆ ಹೋಗುತ್ತಾರೆ, ಮದುವೆ ಮನೆಗಳಲ್ಲಿ ಎಲ್ಲರ ತೊಡೆಯ ಮೇಲೂ ಆಡುತ್ತಾರೆ. ಪಕ್ಕದ ಮನೆ ಮಗು ಆಡುವುದಿಲ್ಲ.

ಈಗ ಆರನೇ ವಾರದ ಕಥೆ. ಮುಂಚೆ ಇಲ್ಲೂ ಎಷ್ಟೋ ಕಡೆ ಹೆರಿಗೆ ಆಸ್ಪತ್ರೆಯಲ್ಲೇ ಹಾಕಿ ಕಳಿಸುತ್ತಿದ್ದರು. 2021ರ ಸೆಪ್ಟೆಂಬರಿನಿಂದ ಇಂಗ್ಲೆಂಡಿನಲ್ಲಿ 28 ದಿನ ತುಂಬಿದ ಮೇಲೆಯೇ ಹಾಕುವುದು. ಬಿಸಿಜಿಯಲ್ಲಿರುವುದು ಜೀವಂತ ಸೂಕ್ಷ್ಮಾಣು, ಶಕ್ತಿ ಕುಂದಿಸಿದ್ದು. ರೋಗ ತಡೆಯುವ ಶಕ್ತಿಯೇ ಇಲ್ಲದೆ ಹುಟ್ಟುವ ಮಕ್ಕಳು ತೀರಾ ಅಪರೂಪಕ್ಕೆ ಇರುತ್ತಾರೆ. ಅವರಿಗೆ ಇದು ಅಪಾಯ. ಐದನೇ ದಿನ ಹಿಮ್ಮಡಿಯಿಂದ ತೆಗೆಯುವ ರಕ್ತದಲ್ಲಿ ಹಲವು ಕಡೆ ಅದನ್ನೂ ನೋಡುತ್ತಾರೆ. ಅದರ ಉತ್ತರ ಬರುವ ತನಕ ಕಾಯುತ್ತಾರೆ. ತಾಯಿ ಬಸುರಿಯಾಗಿದ್ದಾಗ ಸಂಧಿವಾತಕ್ಕೋ ಕರುಳಿನ ಕಾಯಿಲೆಗೋ ರೋಗನಿರೋಧಕ ಶಕ್ತಿ ತಗ್ಗಿಸುವ ಇಂಜೆಕ್ಷನ್ ತೆಗೆದುಕೊಂಡಿದ್ದರೆ ನರ್ಸಿಗೆ ಅದನ್ನೂ ಮರೆಯದೆ ಹೇಳಬೇಕು.

ಒಟ್ಟಿನಲ್ಲಿ ನಮ್ಮ 21 ದಿನ ಮುಗಿದು, ಮೆಣಸಿನ ಸಾರಿನ ಡಬ್ಬಿಗಳನ್ನು ವಾಪಸ್ ತಂದ ಮೇಲೆ ಬಿಸಿಜಿಯ ಸರದಿ ಬರುತ್ತಿತ್ತು. ಯಾರೂ ನೆನಪಿಸುವವರಿಲ್ಲ. ಎಂಟನೇ ವಾರದ ಲಸಿಕೆಗೆ ಜಿಪಿ (ನಾವು ಹೆಸರು ಬರೆಸಿರುವ ಡಾಕ್ಟರ) ಕಡೆಯಿಂದ ಕರೆ ಬರುತ್ತದೆ, ಬಿಸಿಜಿ ಸಾಮಾನ್ಯವಾಗಿ ಜಿಪಿಯಲ್ಲಿ ಹಾಕುವುದೇ ಇಲ್ಲ. ಅದಕ್ಕೆ ಬೇರೆ ಕ್ಲಿನಿಕ್ಕು, ಬೇರೆ ಕಾಗದ. ಒಂದು ಸೀಸೆಯಲ್ಲಿ ಹಲವು ಕೂಸುಗಳಿಗೆ ಆಗುವಷ್ಟು ಮದ್ದಿರುತ್ತದೆ, ಕಲಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಹಾಗಾಗಿ ಕೂಸುಗಳನ್ನು ಒಂದೇ ದಿನ ಒಟ್ಟಿಗೆ ಕರೆಯುತ್ತಾರೆ. ಆ ದಿನ ತಪ್ಪಿದರೆ ಮುಂದಿನ ಸರದಿಗೆ ಕಾಯಬೇಕು. ಆರನೇ ವಾರ ನಾವು ಬಂದಾಗ ರೆಡ್ ಬುಕ್ ತೆರೆದು ನೋಡುತ್ತೇವೆ. ಹಾಕಿದ್ದರೆ ತಾರೀಖು ಓದುತ್ತೇವೆ. ಇಲ್ಲದಿದ್ದರೆ ನಿಮ್ಮ ಪಕ್ಕದಲ್ಲೇ ಕೂತು ಹೆಲ್ತ್ ವಿಸಿಟರಿಗೆ (ಮಗುವನ್ನು ನೋಡಲು ಮನೆಗೆ ಬರುವ ನರ್ಸ್) ಫೋನ್ ಮಾಡಿಸುತ್ತೇವೆ. ಇನ್ನು ಮುಂದೆ ನಾವು ಟಿಕ್ ಹಾಕುವುದಿಲ್ಲ.

ಅಜ್ಜಿಯರಿಗೆ ಎರಡು ಮಾತು. ಲಸಿಕೆ ಹಾಕುವುದು ಎಡ ತೋಳಿನ ಮೇಲ್ಭಾಗಕ್ಕೆ. ಎರಡರಿಂದ ಆರು ವಾರದಲ್ಲಿ ಅಲ್ಲಿ ಸಣ್ಣ ಗುಳ್ಳೆ ಏಳುತ್ತದೆ, ಒಡೆದು ಸ್ವಲ್ಪ ಸೋರಲೂಬಹುದು, ಮಾಯಲು ವಾರಗಟ್ಟಲೆ ಬೇಕು. ಅದು ಆಗಬೇಕಾದದ್ದೇ. ಅರಿಶಿನ, ಬೆಣ್ಣೆ, ಮುಲಾಮು ಏನೂ ಹಚ್ಚಬೇಡಿ. ಎಣ್ಣೆ ನೀರು ಹಾಕಿ, ಆದರೆ ಆ ಜಾಗ ಬಿಟ್ಟು ತಿಕ್ಕಿ. ಸೋರಿದರೆ ಒಣ ಗಾಜ್ ಬಟ್ಟೆ ಸಾಕು, ಗಾಳಿಯಾಡದ ಪ್ಲಾಸ್ಟರ್ ಬೇಡ. ಕಂಕುಳಲ್ಲಿ ದೊಡ್ಡ ಗಂಟು ಕಂಡರೆ ಡಾಕ್ಟರಿಗೆ ತೋರಿಸಿ. ಆ ತೋಳಿಗೆ ಮೂರು ತಿಂಗಳು ಬೇರೆ ಲಸಿಕೆ ಹಾಕಬಾರದು. ಎಂಟನೇ ವಾರದ್ದನ್ನು ತೊಡೆಗೆ ಹಾಕುತ್ತಾರೆ, ಅದಕ್ಕೆ ತೊಂದರೆಯಿಲ್ಲ. ಕಲೆ ಮೂಡದಿದ್ದರೂ ಇನ್ನೊಮ್ಮೆ ಹಾಕಿಸಬೇಕಿಲ್ಲ.

ಎರಡನೆಯದು ಹೇಳಲು ಸ್ವಲ್ಪ ಮುಜುಗರ. ಆರು ತಿಂಗಳ ವಿಸಿಟರ್ ವೀಸಾದಲ್ಲಿ ಬರುವವರಿಗೆ ಟಿಬಿ ಪರೀಕ್ಷೆ ಕೇಳುವುದಿಲ್ಲ. ಕೂಸುಗಳಿಗೆ ಟಿಬಿ ಬರುವುದು ಹೆಚ್ಚಾಗಿ ಮನೆಯ ದೊಡ್ಡವರಿಂದಲೇ. ನಿಮಗೋ ತಾತನಿಗೋ ಎರಡು ವಾರ ದಾಟಿದ ಕೆಮ್ಮಿದ್ದರೆ, ಸಂಜೆ ಸಂಜೆ ಜ್ವರ ಬರುತ್ತಿದ್ದರೆ, ವಿಮಾನ ಹತ್ತುವ ಮುಂಚೆ ಊರಲ್ಲೇ ಕಫ ಪರೀಕ್ಷೆ ಮಾಡಿಸಿಕೊಳ್ಳಿ. ಇಲ್ಲಿಗೆ ಬಂದ ಮೇಲೆ ಗೊತ್ತಾದರೂ ಹೆದರಬೇಡಿ, ಟಿಬಿ ಚಿಕಿತ್ಸೆಗೆ ಇಲ್ಲಿ ಯಾವ ವೀಸಾದವರಿಂದಲೂ ದುಡ್ಡು ತೆಗೆದುಕೊಳ್ಳುವುದಿಲ್ಲ.

ಮನೆಯಲ್ಲಿ ದೊಡ್ಡ ಮಕ್ಕಳಿದ್ದು ಅವರಿಗೆ ಬಿಸಿಜಿ ಆಗಿಲ್ಲ ಎಂದು ಈಗ ಗೊತ್ತಾದರೆ, ಹದಿನಾರು ತುಂಬುವ ತನಕ ಕೇಳಬಹುದು. ಆರು ವರ್ಷ ತುಂಬಿದವರಿಗೆ ಮೊದಲು ಚರ್ಮದ ಪರೀಕ್ಷೆ ಮಾಡುತ್ತಾರೆ. ಊರಲ್ಲಿ ಮೂರು ತಿಂಗಳಿಗೂ ಜಾಸ್ತಿ ಇದ್ದು ಬಂದ ಚಿಕ್ಕವರಿಗೂ ಅದು ಬೇಕಾಗುತ್ತದೆ. ಊರಲ್ಲೇ ಹುಟ್ಟಿದ ಮಗುವಾದರೆ ತಾಯಿ ಕಾರ್ಡ್ ಹುಡುಕಿ, ಜಿಪಿಗೆ ತೋರಿಸಿ ಬರೆಸಿ.

ಈಗಾಗಲೇ 21 ದಿನಕ್ಕೆ ಬುಕ್ ಮಾಡಿದವರು ಹಳೆಯ ಕ್ರಮವೇ ಬೇಕೆಂದರೆ ಹಾಗೇ ಬರುತ್ತೇವೆ, ಆರನೇ ವಾರದ ಭೇಟಿ ಅದರ ಮೇಲೆ ಪುಕ್ಕಟೆ. ಹಳೆಯ ಪುಸ್ತಕ ಇಟ್ಟುಕೊಂಡಿರುವ, ನಮ್ಮ ಸೇವೆ ಮುಗಿದು ವರ್ಷವಾದ ಮನೆಗಳಿಗೂ ಈ ಪತ್ರ ಕಳಿಸುತ್ತಿದ್ದೇವೆ. ನಿಮ್ಮ ಪುಸ್ತಕದಲ್ಲೂ ನಮ್ಮ ಟಿಕ್ ಇದ್ದರೆ ಅದನ್ನು ನಂಬಬೇಡಿ. ರೆಡ್ ಬುಕ್ ನೋಡಿ, ಅನುಮಾನ ಇದ್ದರೆ ಬಾಣಂತನಕ್ಕೆ ಬಂದಿದ್ದವರಿಗೇ ನೇರ ಫೋನ್ ಮಾಡಿ.

ಇಂತಿ,
ನಿಮ್ಮ ಬಾಣಂತನ ಸಹಕಾರಿಯ ಒಂಬತ್ತು ಜನ