ಅಕ್ಕನ ವರ್ಷದ ತಿಥಿಯ ಮರುದಿನ

ಅಕ್ಕನ ವರ್ಷದ ತಿಥಿ ನಿನ್ನೆ ಮುಗಿಯಿತು. ಅವಳನ್ನು ಒಯ್ದದ್ದು ಫೇಟಲ್ ಫ್ಯಾಮಿಲಿಯಲ್ ಇನ್ಸಾಮ್ನಿಯಾ, ಮನೆತನದಲ್ಲಿ ಹರಿದುಬಂದು ನಿದ್ದೆಯನ್ನೇ ಕಸಿದು ಕೊಲ್ಲುವ ಕಾಯಿಲೆ. ಅದು ಹೇಗೆ ಶುರುವಾಯಿತು, ಎಲ್ಲೆಲ್ಲಿ ತೋರಿಸಿದೆವು ಎಂಬುದು ನಿಮಗೆಲ್ಲ ಗೊತ್ತಿರುವುದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ಊಟ ಕಳಿಸಿದ ನೆರೆಹೊರೆಯವರಿಗೆ, ನನ್ನ ತರಗತಿಗಳನ್ನು ವಹಿಸಿಕೊಂಡ ಸಹೋದ್ಯೋಗಿಗಳಿಗೆ, ಭಾವನ ಗೆಳೆಯರಿಗೆ, ಇದು ಮನೋರೋಗವಲ್ಲವೆಂದು ಮೊದಲು ಗುರುತಿಸಿ ವಂಶವಾಹಿ ಪರೀಕ್ಷೆ ಮಾಡಿಸಿದ ನರರೋಗ ತಜ್ಞೆಗೆ ನಮ್ಮ ಮನೆಯವರೆಲ್ಲರ ನಮಸ್ಕಾರ.

ದೊಡ್ಡಮ್ಮನ ಮಗಳು, ನನ್ನ ತಂಗಿಯ ಋಣವನ್ನು ಮಾತ್ರ ಈ ಸಾಲಿಗೆ ಸೇರಿಸಲು ನನ್ನಿಂದಾಗದು. ಕೊನೆಯ ನಾಲ್ಕು ತಿಂಗಳು ಅವಳು ತನ್ನ ಮನೆ ಬಿಟ್ಟು ಸಾಗರದಲ್ಲಿ ನಮ್ಮೊಡನೆಯೇ ಇದ್ದಳು. ಈ ಕಾಯಿಲೆಗೆ ಕಾರಣ ಪ್ರಿಯಾನ್, ಅಂದರೆ ಆಕಾರ ಕೆಟ್ಟು ಮೆದುಳನ್ನು ಹಾಳುಮಾಡುವ ಪ್ರೋಟೀನ್. ಆ ಹೆಸರು ಕೇಳಿ, ಅಂಟೀತೆಂದು ಹೆದರಿದ ಕೆಲವರು ಜಗುಲಿಯಿಂದಲೇ ಮಾತನಾಡಿಸಿ ಹೋಗುತ್ತಿದ್ದರು. ಮುಟ್ಟುವುದರಿಂದಾಗಲಿ ಜೊತೆಗೆ ಉಣ್ಣುವುದರಿಂದಾಗಲಿ ಇದು ಹರಡುವುದಿಲ್ಲವೆಂದು ವೈದ್ಯರು ಹೇಳಿದ್ದನ್ನು ಅವಳು ಒಮ್ಮೆ ಕೇಳಿಸಿಕೊಂಡಳು. ಮಾರನೆಯ ದಿನದಿಂದ ಅಕ್ಕನಿಗೆ ಮೀಯಿಸಿದ್ದು, ತಲೆ ಬಾಚಿದ್ದು, ತುತ್ತು ಮಾಡಿ ಉಣಿಸಿದ್ದು ಅವಳೇ.

ಫೇಟಲ್ ಫ್ಯಾಮಿಲಿಯಲ್ ಇನ್ಸಾಮ್ನಿಯಾದಲ್ಲಿ ನಿದ್ದೆಯಲ್ಲಿ ಪಾಲಿರುವ, ಮೆದುಳಿನ ಥಲಾಮಸ್ ಭಾಗದ ನರಕೋಶಗಳೇ ನಶಿಸುವುದರಿಂದ ನಿದ್ದೆ ಮಾತ್ರೆಗಳೂ ನಿದ್ದೆ ತರುವುದಿಲ್ಲ. ರೋಗಿ ಎಚ್ಚರ ತಪ್ಪಿದಂತೆ ಕನಸಿಗೆ ಜಾರಿ, ದಿನನಿತ್ಯದ ಕೆಲಸಗಳನ್ನು ಬರಿಗೈಯಲ್ಲಿ ಮಾಡತೊಡಗುತ್ತಾರೆ. ಅಕ್ಕ ಹೂ ಕಟ್ಟುತ್ತಿದ್ದಳು. ಶ್ರಾವಣದ ಒಂದು ರಾತ್ರಿ ಮೈಯೆಲ್ಲ ಬೆವರಿ, ಎದೆ ಡವಗುಟ್ಟುತ್ತಿದ್ದರೂ ಅವಳ ಬೆರಳುಗಳು ಇಲ್ಲದ ಬಾಳೆನಾರಿಗೆ ಇಲ್ಲದ ಮಲ್ಲಿಗೆಯನ್ನು ಗಂಟು ಹಾಕುತ್ತಲೇ ಇದ್ದವು. ನಾನು ಕೈ ಹಿಡಿದು ನಿಲ್ಲಿಸಲು ಹೋದಾಗ ಬೆಚ್ಚಿ ಕೂಗಿದಳು. ತಂಗಿ ನನ್ನನ್ನು ಸರಿಸಿ, ಅವಳೆದುರು ಕುಳಿತು, ಎರಡೆರಡು ಹೂ ಜೋಡಿಸಿ ಕೊಡುವವಳಂತೆ ಬರಿಗೈ ಚಾಚುತ್ತಾ ಹೋದಳು. ಬೆಳಗಿನ ಐದರವರೆಗೂ ಕೊಟ್ಟಳು. ನಾನು ಬಚ್ಚಲಿನ ಬಾಗಿಲು ಹಾಕಿಕೊಂಡು, ಅಕ್ಕನಿಗೆ ಈಗಲೇ ಸಾವು ಬರಲಿ ಎಂದು ಬೇಡಿಕೊಂಡೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಆ ರಾತ್ರಿ ತಂಗಿ ಏನನ್ನು ನೋಡುತ್ತಾ ಕುಳಿತಿದ್ದಳೆಂದು ನನಗೆ ಹೊಳೆದದ್ದು ತಡವಾಗಿ. ಅಮ್ಮ, ದೊಡ್ಡಮ್ಮ ಇಬ್ಬರೂ ಹೀಗೆಯೇ ಹೋದವರು. ಬೊಲೊನ್ಯದ ವೈದ್ಯರು 1986ರಲ್ಲೇ ಇಟಲಿಯ ಒಂದು ಕುಟುಂಬದಲ್ಲಿ ಈ ಕಾಯಿಲೆಯನ್ನು ಗುರುತಿಸಿ ಹೆಸರಿಟ್ಟಿದ್ದರೂ, ನಮ್ಮ ಮನೆಯಲ್ಲಿ ಆಗ ಅದಕ್ಕೆ ಹೆಸರಿರಲಿಲ್ಲ. 20ನೆಯ ವರ್ಣತಂತುವಿನಲ್ಲಿರುವ ಒಂದೇ ವಂಶವಾಹಿಯ ದೋಷ ಹೆತ್ತವರೊಬ್ಬರಲ್ಲಿದ್ದರೂ ಪ್ರತಿ ಮಗುವಿಗೂ ಅದು ಬರುವ ಸಂಭವ ಶೇಕಡಾ 50. ನಾನು ಪರೀಕ್ಷೆ ಮಾಡಿಸಿಕೊಂಡೆ. ಫಲಿತಾಂಶವನ್ನು ಇಲ್ಲಿ ಬರೆಯುವುದಿಲ್ಲ. ತಂಗಿ ಬೇಡವೆಂದಳು. ಹಾಗೆನ್ನುವ ಹಕ್ಕು ಅವಳದು. ಬಂಧುಗಳು ದಯವಿಟ್ಟು ಅವಳನ್ನು ಒತ್ತಾಯಿಸಬಾರದು.

ನಾನೆಂದೂ ಕಾಣದ ಸೋನಿಯಾ ವಲ್ಲಭ್ ಮತ್ತು ಎರಿಕ್ ಮಿನಿಕೆಲ್ ದಂಪತಿಗೂ ವಂದನೆ. ಸೋನಿಯಾ 2010ರಲ್ಲಿ ತಾಯಿಯನ್ನು ಇದೇ ಕಾಯಿಲೆಯಿಂದ ಕಳೆದುಕೊಂಡು, ತನ್ನಲ್ಲೂ ಆ ದೋಷವಿದೆಯೆಂದು ತಿಳಿದ ಮೇಲೆ, ಇಬ್ಬರೂ ತಮ್ಮ ವೃತ್ತಿ ಬಿಟ್ಟು ಸಂಶೋಧನೆಗೆ ಇಳಿದರು. ಪ್ರಿಯಾನ್ ಪ್ರೋಟೀನನ್ನೇ ತಗ್ಗಿಸುವ ಔಷಧವೊಂದು ಇಂದು ರೋಗಿಗಳ ಮೇಲಿನ ಪ್ರಯೋಗದ ಹಂತಕ್ಕೆ ಬಂದಿದೆ.

ತಂಗೀ, ನಿನ್ನೆ ಅಕ್ಕನ ಫೋಟೋಕ್ಕೆ ನೀನು ಕಟ್ಟಿ ತಂದ ದಂಡೆ ಇನ್ನೂ ಬಾಡಿಲ್ಲ. ಒಂದು ರಾತ್ರಿ ನಿದ್ದೆ ಬಾರದಿದ್ದರೂ ನಿನಗೆ ಯಾವ ಭಯ ಬರುತ್ತದೆಂದು ನನಗೆ ಗೊತ್ತು. ಆಗ ಒಬ್ಬಳೇ ಎದ್ದು ಕೂರಬೇಡ. ಎಷ್ಟು ಹೊತ್ತಾಗಿದ್ದರೂ ಫೋನ್ ಮಾಡು, ನಿನ್ನೂರಿಗೆ ಇಲ್ಲಿಂದ ಒಂದು ಗಂಟೆಯ ದಾರಿ.