ಡಯಲ್ ಗೇಜಿಗೆ ಕಡ್ಡಿ ಕಟ್ಟುವ ಮುಂಚೆ

ಪ್ರೀತಿಯ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಫೋಟೋ ನೋಡಿದೆ. ಸ್ಪಾರ್ಕ್ ಪ್ಲಗ್ ತೂತಿನಿಂದ ಪಿಸ್ಟನ್ ತಲೆ ಮುಟ್ಟಲು ಡಯಲ್ ಗೇಜ್ (ಸಣ್ಣ ಚಲನೆಯನ್ನು ಮುಳ್ಳಿನಿಂದ ತೋರಿಸುವ ಅಳತೆ ಸಾಧನ) ಸಾಲಲಿಲ್ಲ ಅಂತ ತುದಿಗೆ ಕಡ್ಡಿಯೊಂದನ್ನು ಅಂಟಿಸಿದ್ದೀಯ. ಉಪಾಯ ಚೆನ್ನಾಗಿದೆ, ಅಂಟು ಮಾತ್ರ ಬೇಡ. ಅದು ಬಿಟ್ಟರೆ ಕಡ್ಡಿ ಸಿಲಿಂಡರ್ ಒಳಗೆ. ಆಮೇಲೆ ಹೆಡ್ ಬಿಚ್ಚಬೇಕಾದೀತು.

ಪ್ಲಂಜರ್, ಅಂದರೆ ಗೇಜಿನಲ್ಲಿ ಒಳಗೆ ಹೊರಗೆ ಸರಿಯುವ ಕಡ್ಡಿ, ಅದರ ತುದಿಯನ್ನು ತಿರುಗಿಸಿ ಬಿಚ್ಚು. ಅದು ಸ್ಕ್ರೂ. ಅದರ ಥ್ರೆಡ್ ಮೆಟ್ರಿಕ್ ಗೇಜಿನಲ್ಲಿ ಸಾಮಾನ್ಯವಾಗಿ ಎಂ2.5 (2.5 ಮಿ.ಮೀ. ದಪ್ಪ), 0.45 ಪಿಚ್ (ಸುತ್ತಿನಿಂದ ಸುತ್ತಿಗೆ ಅಂತರ). ಅಮೆರಿಕದ ಇಂಚು ಗೇಜಿನಲ್ಲಿ 4-48 ಅನ್ನುವ ಇಂಚಿನ ಥ್ರೆಡ್ ಇರುತ್ತದೆ. ಒಂದನ್ನು ಇನ್ನೊಂದಕ್ಕೆ ಬಲವಂತವಾಗಿ ತುರುಕಬೇಡ, ಥ್ರೆಡ್ ಹಾಳಾಗುತ್ತದೆ. 2.5 ಮಿ.ಮೀ. ಉಕ್ಕಿನ ಕಡ್ಡಿಗೆ ಡೈ ಹಾಕಿ ಥ್ರೆಡ್ ತೆಗೆ. ಇನ್ನೊಂದು ತುದಿಯನ್ನು ಗುಂಡಗೆ ಉಜ್ಜು. ಬುಡದಲ್ಲಿ ಒಂದು ಚೆಕ್‌ನಟ್ (ಸಡಿಲವಾಗದಂತೆ ಹಿಡಿಯುವ ನಟ್) ಬಿಗಿ. ಅಷ್ಟೇ.

ಕಡ್ಡಿ 40 ಮಿ.ಮೀ. ಇದೆಯೋ 90 ಇದೆಯೋ ಅಂತ ತಲೆ ಕೆಡಿಸಿಕೊಳ್ಳಬೇಡ. ಮುಳ್ಳು ತೋರಿಸುವುದು ಉದ್ದವನ್ನಲ್ಲ, ಎಷ್ಟು ಸರಿಯಿತು ಅನ್ನುವುದನ್ನು. ನೆಟ್ಟಗಿದ್ದು, ಅಲುಗಾಡದೆ ಇದ್ದರೆ ಸಾಕು.

ಈ ಮಾತು ಲಿವರ್ ಗೇಜಿಗೆ ಹೊಂದುವುದಿಲ್ಲ. ಅದೇ, ಪಕ್ಕಕ್ಕೆ ಓಲಾಡುವ ಸಣ್ಣ ಕಾಲಿರುತ್ತಲ್ಲ, ಅದು. ನಾನು ಅಲ್ಲಿ ಏಟು ತಿಂದವನು. ಒಂದು ಸಲ ಕ್ರ್ಯಾಂಕ್ ರನ್‌ಔಟ್ (ತಿರುಗುವಾಗ ಎಷ್ಟು ಓಲಾಡುತ್ತದೆ ಅನ್ನುವುದು) ನೋಡುವಾಗ ಕಾಲು ಎಟುಕಲಿಲ್ಲ. ಅಷ್ಟೇ ಉದ್ದದ ತಂತಿ ಬೆಸುಗೆ ಹಾಕಿದೆ. ಮುಳ್ಳು 0.02 ಮಿ.ಮೀ. ತೋರಿಸಿತು. ಆ ಇಂಜಿನ್‌ಗೆ 0.03ರವರೆಗೆ ನಡೆಯುತ್ತಿತ್ತು. ಖುಷಿಯಾಗಿ ಜೋಡಿಸಿಬಿಟ್ಟೆ. ಸ್ಟಾರ್ಟ್ ಮಾಡಿದರೆ ಹ್ಯಾಂಡಲ್ ಹಿಡಿಯಲಾಗದಷ್ಟು ನಡುಕ. ಮತ್ತೆ ಬಿಚ್ಚಿ, ಸರಿಯಾದ ಕಾಲು ಹಾಕಿ ನೋಡಿದರೆ 0.04! ಲಿವರ್ ಗೇಜಿನ ಕಾಲು ಎರಡರಷ್ಟು ಉದ್ದವಾದರೆ ಮುಳ್ಳು ಅರ್ಧ ಮಾತ್ರ ತಿರುಗುತ್ತದೆ. ತಕ್ಕಡಿಯ ಲೆಕ್ಕವೇ, ಆದರೂ ಆ ದಿನ ಹೊಳೆಯಲೇ ಇಲ್ಲ. ಅದಕ್ಕೆ ಕಡ್ಡಿ ಕಟ್ಟುವ ಬದಲು ಗೇಜ್ ಹಿಡಿಯುವ ಸ್ಟ್ಯಾಂಡನ್ನೇ ಹತ್ತಿರ ತರುವ ದಾರಿ ಹುಡುಕು.

ಇನ್ನು ಓರೆ. ಪ್ಲಗ್ ತೂತು ವಾಲಿದ್ದರೆ ಕಡ್ಡಿಯೂ ವಾಲುತ್ತದೆ, ಆಗ ಮುಳ್ಳು ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಪಿಸ್ಟನ್ ತಲೆ ಚಪ್ಪಟೆಯಾಗಿದ್ದು ವಾಲು 10 ಡಿಗ್ರಿ ಇದ್ದರೆ ನೂರಕ್ಕೆ ಒಂದೂವರೆ ತಪ್ಪು. 20 ಡಿಗ್ರಿಗೆ ಆರಕ್ಕೂ ಹೆಚ್ಚು. ಹಳೆಯ ಟೂ-ಸ್ಟ್ರೋಕ್‌ಗಳಲ್ಲಿ ಕಿಡಿಯ ಟೈಮಿಂಗನ್ನು, ಪಿಸ್ಟನ್ ತುದಿಗಿಂತ ಎಷ್ಟು ಕೆಳಗಿರುವಾಗ ಕಿಡಿ ಬರಬೇಕು ಅಂತ, ಮಿಲಿಮೀಟರ್‌ನಲ್ಲೇ ಕೊಟ್ಟಿರುತ್ತಾರೆ. ಅಲ್ಲಿ 2 ಮಿ.ಮೀ. ಅಂದುಕೊಂಡು 1.88ಕ್ಕೆ ಇಟ್ಟುಬಿಡುತ್ತೀಯ. ತಲೆ ಉಬ್ಬಾಗಿದ್ದರೆ ಈ ಲೆಕ್ಕವೂ ಕೈಕೊಡುತ್ತದೆ.

ಟಿಡಿಸಿ, ಅಂದರೆ ಪಿಸ್ಟನ್ ಏರುವ ತುತ್ತತುದಿ, ಅದನ್ನು ಹುಡುಕುವುದಕ್ಕೆ ಮಾತ್ರ ಓರೆಯ ಕಾಟ ಅಷ್ಟಿಲ್ಲ. ಆದರೆ ಮುಳ್ಳು ನಿಂತ ಜಾಗವೇ ಟಿಡಿಸಿ ಅಂತ ಗುರುತು ಹಾಕಬೇಡ. 50 ಮಿ.ಮೀ. ಸ್ಟ್ರೋಕ್ ಇರುವ ಇಂಜಿನ್‌ನಲ್ಲಿ ತುದಿಯ ಹತ್ತಿರ ಒಂದು ಡಿಗ್ರಿಗೆ ಪಿಸ್ಟನ್ ಇಳಿಯುವುದು ಸುಮಾರು 0.005 ಮಿ.ಮೀ., ಗೇಜಿನ ಅರ್ಧ ಗೀಟು. ಕಣ್ಣಿಗೇ ಬೀಳುವುದಿಲ್ಲ. ಮುಳ್ಳು 1 ಮಿ.ಮೀ. ಇಳಿಯುವವರೆಗೆ ಕ್ರ್ಯಾಂಕನ್ನು ಒಂದು ಕಡೆ ತಿರುಗಿಸಿ, ಅದಕ್ಕೆ ಹಾಕಿದ ಡಿಗ್ರಿ ಚಕ್ರ (ಡಿಗ್ರಿ ಗುರುತಿರುವ ತಟ್ಟೆ) ಓದು, ಇನ್ನೊಂದು ಕಡೆಗೂ ಅಷ್ಟೇ ಇಳಿಸಿ ಓದು. ಎರಡರ ನಡುವೆ ಟಿಡಿಸಿ. ಎಲ್ಲಾ ಕೈಯಲ್ಲೇ, ನಿಧಾನ. ಕಡ್ಡಿ ಒಳಗಿರುವಾಗ ಕಿಕ್ ಹೊಡೆದರೆ ಪ್ಲಂಜರ್ ಬಾಗುತ್ತದೆ.

ಸಿಲಿಂಡರ್ ಒಳಗಿನ ವ್ಯಾಸ ಅಳೆಯುವ ಬೋರ್ ಗೇಜಿನ ರಾಡ್ ಸಾಲದಿದ್ದರೆ ವಾಷರ್ ಸೇರಿಸಬಹುದು, ತೊಂದರೆ ಇಲ್ಲ. ಸೇರಿಸಿದ ಮೇಲೆ ಮೈಕ್ರೋಮೀಟರ್ ನಡುವೆ ಇಟ್ಟು ಮತ್ತೆ ಸೊನ್ನೆ ಮಾಡಿಕೋ. ರಾಡನ್ನು ಅಂಗೈಯಲ್ಲಿ ಹಿಡಿದು ಹರಟೆ ಹೊಡೆಯಬೇಡ. 100 ಮಿ.ಮೀ. ಉಕ್ಕು 10 ಡಿಗ್ರಿ ಬಿಸಿಯಾದರೆ ಒಂದು ಗೀಟಿಗಿಂತ ಸ್ವಲ್ಪ ಜಾಸ್ತಿಯೇ ಬೆಳೆಯುತ್ತದೆ, ಅಲ್ಯುಮಿನಿಯಂ ಆದರೆ ಅದರ ಎರಡರಷ್ಟು.

ಕಡ್ಡಿ ತಯಾರಾದ ಮೇಲೆ ಚಪ್ಪಟೆ ಕಬ್ಬಿಣದ ಮೇಲೆ ನಿಲ್ಲಿಸಿ, ಪ್ಲಂಜರನ್ನು ಹತ್ತು ಸಲ ಎತ್ತಿ ಬಿಡು. ಪ್ರತಿ ಸಲ ಮುಳ್ಳು ಅದೇ ಗೀಟಿಗೆ ಬರಬೇಕು. ಬರದಿದ್ದರೆ ನಟ್ ಸಡಿಲ, ಇಲ್ಲಾ ಕಡ್ಡಿ ಸೊಟ್ಟ. ಆ ಹತ್ತು ಅಳತೆಗಳನ್ನು ನನಗೆ ಬರೆದು ಕಳಿಸು. ಪ್ಲಗ್ ತೂತು ನೇರವೋ ಓರೆಯೋ, ಅದನ್ನೂ ತಿಳಿಸು.

ನಿನ್ನ
ದೊಡ್ಡಪ್ಪ